ಗೋಡೆಯ ಮೇಲಿನ ಆರನೆಯವರು

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಈ ದೇಶದ ರಾಷ್ಟ್ರಪತಿಗಳೆಲ್ಲ ನನಗೆ ಬಾಯಿಪಾಠ. ಮೊದಲಿನಿಂದ ಕೊನೆಗೆ ಹೇಳಬಲ್ಲೆ, ಕೊನೆಯಿಂದ ಮೊದಲಿಗೂ ಹೇಳಬಲ್ಲೆ. ಇದಕ್ಕೆ ಕಾರಣ ಓದಲ್ಲ, ಮೈಸೂರಿನ ಅಗ್ರಹಾರದ ನಮ್ಮ ಅಂಗಡಿ. ತಾತನ ಕಾಲದಿಂದ ನಾವು ಫೋಟೋಗಳಿಗೆ ಕಟ್ಟು ಹಾಕುವವರು.

ರಾಷ್ಟ್ರಪತಿ ಬದಲಾದರೆ ನಮಗೆ ಸುಗ್ಗಿ. ಕಚೇರಿಗಳಿಂದ, ಶಾಲೆಗಳಿಂದ ಜವಾನರು ಹಳೆಯ ರಾಷ್ಟ್ರಪತಿಯನ್ನು ಸೈಕಲ್ಲಿನ ಹಿಂದೆ ಹಗ್ಗ ಹಾಕಿ ಕಟ್ಟಿಕೊಂಡು ಬರುತ್ತಿದ್ದರು. ಕಟ್ಟು ಅದೇ, ಗಾಜು ಅದೇ. ಅಪ್ಪ ಹಿಂದಿನ ಮೊಳೆ ಕಿತ್ತು ಮುಖವೊಂದನ್ನು ಬದಲಿಸಿ ಕೊಡುತ್ತಿದ್ದರು. ತೆಗೆದ ಚಿತ್ರವನ್ನು ಯಾರೂ ವಾಪಸ್ ಕೇಳುತ್ತಿರಲಿಲ್ಲ. ಅಷ್ಟು ದೊಡ್ಡವರನ್ನು ಕಸಕ್ಕೆ ಹಾಕುವುದು ಹೇಗೆ? ತಾತ ಒಬ್ಬೊಬ್ಬರಿಗೂ ಉಳಿದ ಮರದ ಪಟ್ಟಿಯ ತುಂಡುಗಳಲ್ಲಿ ಕಟ್ಟು ಹಾಕಿ ಗೋಡೆಗೆ ಏರಿಸಿದ್ದರು. ಅಪ್ಪ ಅದನ್ನೇ ಮುಂದುವರಿಸಿದರು. ಬಾಗಿಲ ಹತ್ತಿರ ಮೊದಲನೆಯವರು, ಬಿಳಿ ಮೀಸೆ, ಟೋಪಿ. ಪಕ್ಕದಲ್ಲಿ ಬಿಳಿ ರುಮಾಲಿನ ಎರಡನೆಯವರು. ಅವರು ನಮ್ಮ ಮೈಸೂರಿನ ಕಾಲೇಜಿನಲ್ಲೇ ಪಾಠ ಹೇಳಿದವರಾದ್ದರಿಂದ ಅವರ ಗಾಜನ್ನು ಅಪ್ಪ ದಿನವೂ ಒರೆಸುತ್ತಿದ್ದರು. ಉಳಿದವರಿಗೆ ಶುಕ್ರವಾರ ಮಾತ್ರ.

ಐದನೆಯವರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆಗ ಉಪರಾಷ್ಟ್ರಪತಿಯಾಗಿದ್ದ ಕನ್ನಡದವರೊಬ್ಬರು ಕೆಲವು ತಿಂಗಳು ಆ ಕುರ್ಚಿಯನ್ನು ನೋಡಿಕೊಂಡರು. ಅವರ ಚಿತ್ರವನ್ನು ಕಟ್ಟು ಹಾಕಿಸಲು ಯಾವ ಕಚೇರಿಯವರೂ ತರಲಿಲ್ಲ. ತಾತನಿಗೆ ತಡೆಯಲಾಗಲಿಲ್ಲವಂತೆ. ಒಂದು ಕ್ಯಾಲೆಂಡರಿನಿಂದ ಅವರನ್ನು ಕತ್ತರಿಸಿ, ಅಂಗಡಿಯಲ್ಲಿದ್ದ ಅತ್ಯಂತ ಅಗಲದ ಚಿನ್ನದ ಬಣ್ಣದ ಪಟ್ಟಿ ಹಾಕಿ, ಐದನೆಯವರ ಪಕ್ಕದಲ್ಲಿ ಕೂರಿಸಿಬಿಟ್ಟರು. ಯಾರಾದರೂ ಕೇಳಿದರೆ, "ಕುರ್ಚಿ ಮ್ಯಾಲೆ ಕೂತವ್ರೋ ಇಲ್ವೋ?" ಎನ್ನುತ್ತಿದ್ದರಂತೆ. ಹೀಗೆ ನಮ್ಮ ಗೋಡೆಯ ಮೇಲೆ ಅವರು ಆರನೆಯವರಾದರು. ನಿಜವಾದ ಆರನೆಯವರು ಏಳನೆಯ ಮೊಳೆಗೆ ಸರಿದರು. ಅಲ್ಲಿಂದಾಚೆಗೆ ಎಲ್ಲರೂ ಒಂದೊಂದು ಮೊಳೆ ಮುಂದೆ.

ನನ್ನ ತಂಗಿ ಹತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆ ಶಾಲೆಗಳ ನಡುವೆ ರಸಪ್ರಶ್ನೆ ಸ್ಪರ್ಧೆ ಇಟ್ಟರು. ಗೆದ್ದವರನ್ನು ದೆಹಲಿಗೆ ಕರೆದುಕೊಂಡು ಹೋಗಿ ರಾಷ್ಟ್ರಪತಿ ಭವನ ತೋರಿಸುತ್ತಾರಂತೆ. ರೈಲಿನಲ್ಲಿ ನಂಜನಗೂಡು ದಾಟದ ಹುಡುಗಿ ಪಕ್ಕದ ಮನೆಯಿಂದ ಉಣ್ಣೆಯ ಸ್ವೆಟರ್ ಕೇಳಿ ತಂದು, ನಡು ಮಧ್ಯಾಹ್ನದ ಸೆಕೆಯಲ್ಲಿ ಹಾಕಿಕೊಂಡು ಕನ್ನಡಿ ನೋಡಿಕೊಂಡಳು. ಬೆವರು ಸುರಿಯುತ್ತಿದ್ದರೂ ಬಿಚ್ಚಲಿಲ್ಲ.

ನದಿ, ಬೆಟ್ಟ, ರಾಜಧಾನಿಗಳನ್ನೆಲ್ಲ ಶಾಲೆಯಲ್ಲಿ ಕಲಿತಳು. ರಾಷ್ಟ್ರಪತಿಗಳಿಗೆ ಮಾತ್ರ ನನ್ನ ಹತ್ತಿರ ಬಂದಳು. ನನಗೆ ಆಗ ಹತ್ತೊಂಬತ್ತು. ಅಲ್ಲಿಯವರೆಗೆ ಯಾರೂ ನನ್ನಿಂದ ಏನನ್ನೂ ಕಲಿಯಲು ಬಂದಿರಲಿಲ್ಲ. ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಪಟ್ಟಿಗೆ ಮೊಳೆ ಹೊಡೆಯುವುದು, ಒಂದೊಂದು ಏಟಿಗೂ ಅವಳು ಒಬ್ಬೊಬ್ಬ ರಾಷ್ಟ್ರಪತಿಯನ್ನು ಹೇಳುವುದು. ನಾನು ಜೋರಾಗಿ ಹೊಡೆದರೆ ಅವಳೂ ಜೋರು. ಹನ್ನೆರಡು ಜನ ಅರ್ಧ ನಿಮಿಷದಲ್ಲಿ ಬಂದು ಹೋಗುತ್ತಿದ್ದರು. ಎದುರಿನ ವೀಳ್ಯದೆಲೆ ಅಂಗಡಿಯ ಅಜ್ಜಿ, "ಒಸಿ ನಿಧಾನ ಕಣ್ರೋ, ಪಾಪ ಅವ್ರೂ ಐದೈದು ವರ್ಸ ಕೂತಿದ್ದವ್ರು" ಎಂದು ನಗುತ್ತಿದ್ದಳು.

ಸ್ಪರ್ಧೆಗೆ ವಾರವಿದ್ದಾಗ ನಿವೃತ್ತ ಮೇಷ್ಟರೊಬ್ಬರು ಮಗಳ ಮದುವೆಯ ಫೋಟೋಗೆ ಕಟ್ಟು ಹಾಕಿಸಲು ಬಂದರು. ಗೋಡೆ ನೋಡುತ್ತ ಬಂದು ಚಿನ್ನದ ಪಟ್ಟಿಯವರ ಮುಂದೆ ನಿಂತರು.

"ಇವರು ಹಂಗಾಮಿ ಕಣಪ್ಪ. ಹೊಸಬರು ಆರಿಸಿ ಬರೋವರೆಗೂ ಇದ್ದವರು. ಇವರಿಗೆ ನಂಬರ್ ಇಲ್ಲ."

"ಹೌದಾ ಸಾರ್," ಎಂದೆ. ಮದುವೆಯ ಫೋಟೋವನ್ನು ತಲೆಕೆಳಗಾಗಿ ಕಟ್ಟಿನಲ್ಲಿ ಕೂರಿಸಿಬಿಟ್ಟೆ.

ಅದೇ ಸಂಜೆ ತಂಗಿ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಬಂದಳು. "ಅಣ್ಣ, ಇದ್ರಲ್ಲಿ ನಮ್ಮೋರೇ ಇಲ್ವಲ್ಲೋ. ಆರನೇವ್ರು ಬೇರೆಯವ್ರು ಅಂತೈತೆ."

ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವಳು ಪುಸ್ತಕ ತೆಗೆದುಕೊಂಡು ಒಳಕ್ಕೆ ಹೋಗುತ್ತಿದ್ದಳು, ಇನ್ನೊಂದು ಸಲ ನನ್ನ ಹತ್ತಿರ ಬರುತ್ತಿರಲಿಲ್ಲ. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಪುಸ್ತಕದೋರಿಗೆ ಏನ್ ಗೊತ್ತು? ಕನ್ನಡದೋರು ಅಂತ ಬಿಟ್ಬುಟ್ಟವ್ರೆ. ಗೋಡೆ ನಂಬು ನೀನು."

ಅವಳು ಪೆನ್ಸಿಲ್ ತೆಗೆದುಕೊಂಡು ಪುಸ್ತಕವನ್ನೇ ತಿದ್ದಿದಳು.

ಸ್ಪರ್ಧೆಯ ದಿನ ನಾನು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಸಭಾಂಗಣದ ಮೂರನೇ ಸಾಲಿನಲ್ಲಿ ಕೂತಿದ್ದೆ. ತಂಗಿ ನದಿಗಳನ್ನು ದಾಟಿದಳು, ಬೆಟ್ಟಗಳನ್ನು ಹತ್ತಿಳಿದಳು. ಕೊನೆಗೆ ಅವಳೂ ಇನ್ನೊಬ್ಬ ಹುಡುಗಿಯೂ ಸರಿಸಮವಾಗಿ ಉಳಿದರು. ಒಂದೇ ಪ್ರಶ್ನೆ ಬಾಕಿ. ದೇಶದ ಏಳನೆಯ ರಾಷ್ಟ್ರಪತಿ ಯಾರು?

ನನ್ನ ತಂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ನಮ್ಮ ಗೋಡೆಯ ಏಳನೆಯ ಮೊಳೆಯವರ ಹೆಸರನ್ನು ಘಂಟೆ ಬಾರಿಸಿದ ಹಾಗೆ ಹೇಳಿದಳು.

"ತಪ್ಪಮ್ಮ. ಅವರು ಆರನೆಯವರು," ಎಂದರು ಪ್ರಶ್ನೆ ಕೇಳುವವರು.

"ಇಲ್ಲ ಸರ್. ನೀವು ಒಬ್ರನ್ನ ಬಿಟ್ಟು ಎಣಿಸ್ತಿದೀರ."

"ಯಾರನ್ನಮ್ಮ ಬಿಟ್ಟೆ?"

ಹೆಸರು ಹೇಳಿದಳು. ಅವರು ನಕ್ಕು, "ಅವರು ಹಂಗಾಮಿ. ನಿನಗೆ ಹೀಗೆ ಹೇಳಿಕೊಟ್ಟವರು ಯಾರು?" ಎಂದರು.

ತಂಗಿ ನನ್ನ ಕಡೆ ನೋಡಲಿಲ್ಲ. "ನಮ್ಮಂಗಡಿ ಗೋಡೆ ಮೇಲಿದೆ ಸರ್," ಎಂದಳು.

ಇಡೀ ಸಭಾಂಗಣ ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ, ತೊಡೆ ತಟ್ಟಿಕೊಂಡು ನಕ್ಕೆ, ಪಕ್ಕದವರಿಗೆ ನಾನು ಆ ಗೋಡೆಯ ಮನೆಯವನು ಎಂದು ಗೊತ್ತಾಗದಿರಲಿ ಎಂದು. ನಗುವಾಗ ಅವಳು ನನ್ನನ್ನು ನೋಡಿದಳು.

ಇನ್ನೊಬ್ಬ ಹುಡುಗಿ ದೆಹಲಿಗೆ ಹೋದಳು. ತಂಗಿ ಸ್ವೆಟರ್ ಒಗೆದು ಮಡಚಿ ವಾಪಸ್ ಕೊಟ್ಟಳು.

ಈಗ ಅವಳು ಬೋಗಾದಿಯ ಕಡೆ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರ್. ಅಪ್ಪ ಇಲ್ಲ, ಅಂಗಡಿ ನನ್ನದು. ಗೋಡೆಯ ಮೇಲೆ ಇನ್ನೂ ಮೂವರು ಸೇರಿದ್ದಾರೆ. ಕಳೆದ ತಿಂಗಳು ಅವಳ ಶಾಲೆಯವರು ತರಿಸಿದ ಭೂಪಟಗಳಿಗೆ ಕಟ್ಟು ಹಾಕಿ ಕೊಡಲು ಹೋದಾಗ ಪಾಠ ನಡೆಯುತ್ತಿತ್ತು. ನಾನು ಬಾಗಿಲ ಹೊರಗೆ ನಿಂತೆ.

"ನಾನು ನಿಮ್ಮಷ್ಟಿದ್ದಾಗ ಸರಿಯಾಗಿ ಎಣಿಸಕ್ಕೆ ಬರದೆ ದೆಹಲಿ ಕಳ್ಕೊಂಡೆ ಕಣ್ರೋ," ಎನ್ನುತ್ತಿದ್ದಳು. ಮಕ್ಕಳು ಬೆಂಚು ಬಡಿದು ನಗುತ್ತಿದ್ದರು. ಪ್ರತಿ ವರ್ಷವೂ ಹೇಳುತ್ತಾಳಂತೆ. ಅಷ್ಟು ವರ್ಷವೂ ತಪ್ಪನ್ನು ತಾನೇ ಹೊತ್ತುಕೊಂಡು ನಗಿಸಿದ್ದಾಳೆ.

ಊಟದ ಬಿಡುವಿನಲ್ಲಿ ಅವಳು ಚಿತ್ರಾನ್ನದ ಡಬ್ಬಿ ತೆಗೆದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮೇಷ್ಟರು ಬಂದದ್ದು, ನನಗೆ ಮೊದಲೇ ಗೊತ್ತಿದ್ದದ್ದು, ಆದರೂ ಪುಸ್ತಕ ತಿದ್ದಿಸಿದ್ದು.

ತಂಗಿ ತುತ್ತು ಕೈಯಲ್ಲೇ ಹಿಡಿದು ಕೂತಳು. ಮೊದಲು ಹೆಗಲು ಅಲುಗಿತು, ಆಮೇಲೆ ಡಬ್ಬಿ ಅಲುಗಿತು. ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ. ನನಗೂ ನಗು ತಡೆಯಲಾಗಲಿಲ್ಲ. ಸ್ಟಾಫ್ ರೂಮಿನವರೆಲ್ಲ ತಿರುಗಿ ನೋಡಿದರು. ನಡುವೆ ಎಲ್ಲೋ ಅವಳ ನಗು ನಿಂತಿತು, ನೀರು ನಿಲ್ಲಲಿಲ್ಲ. ನಾನೊಬ್ಬನೇ ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದೆ.

"ನೀನು ನಕ್ಕಿದ್ದು ನೋಡಿದ್ದೆ," ಎಂದಳು. "ಪಾಪ, ಗೊತ್ತಿಲ್ದೆ ಹೇಳ್ಕೊಟ್ಟ, ನಾಚಿಕೆಗೆ ನಗ್ತಾವ್ನೆ ಅನ್ಕೊಂಡಿದ್ದೆ. ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

ಗಂಟೆ ಹೊಡೆಯಿತು. ಡಬ್ಬಿ ಮುಚ್ಚಿ ಎದ್ದಳು. ಬಾಗಿಲಲ್ಲಿ ತಿರುಗಿ, ಮಕ್ಕಳಿಗೆ ಹೋಮ್‌ವರ್ಕ್ ಕೊಡುವ ದನಿಯಲ್ಲಿ ಹೇಳಿದಳು. "ದಸರಾ ರಜಕ್ಕೆ ದೆಹಲಿಗೆ ಟಿಕೆಟ್ ಮಾಡ್ಸು. ಇಬ್ರಿಗೂ. ಕಿಟಕಿ ನಂದು. ಮೈಸೂರಿಂದ ಅಲ್ಲೀಗಂಟ ನೀನು ಒಂದು ಮಾತಾಡಂಗಿಲ್ಲ."

ಟಿಕೆಟ್ ಆಗಿದೆ.