ಹರಿಯದ ಜವಾಬಿ ಕಾರ್ಡ್

"ಹರಿಬೇಡಿ!" ಎಂದು ಕಿರುಚಿಬಿಟ್ಟೆ. ಪರಿಚಯವಾಗಿ ಒಂದು ಗಂಟೆಯೂ ಆಗಿರದವರ ಮನೆಯಲ್ಲಿ. (ನನ್ನ ಸ್ಟಾಪ್ ಬಂದರೂ ಕಂಡಕ್ಟರ್‌ಗೆ ಜೋರಾಗಿ ಹೇಳಲು ಹಿಂಜರಿಯುವವಳು ನಾನು.)

ಕಳೆದ ಭಾನುವಾರ ಭದ್ರಾವತಿಯ ಓಲ್ಡ್ ಟೌನ್‌ಗೆ ಹೋಗಿದ್ದೆ. ನಿವೃತ್ತ ಟೀಚರ್ ಗಿರಿಜಮ್ಮನವರ ಬಳಿ ಹಳೆಯ ಪೋಸ್ಟ್‌ಕಾರ್ಡ್‌ಗಳಿವೆ ಎಂದು ಗೆಳತಿಯೊಬ್ಬಳು ಹೇಳಿದ್ದಳು. ಇದ್ದವು, ನೂರಾರು! "ಬೇಕಾದ್ದೆಲ್ಲ ತಗೋಮ್ಮ" ಎಂದರು. ಆದರೆ ಎಲ್ಲವನ್ನೂ ಗೋಡೆಯ ಕೊಕ್ಕೆಯ ತಂತಿಗೆ ಪೋಣಿಸಿದ್ದರು. ಅಂದರೆ ಪ್ರತಿಯೊಂದರ ನಡುವೆಯೂ ತೂತು. ಸಂಗ್ರಾಹಕರ ಸಂಕಟ ನಿಮಗೆ ಗೊತ್ತಲ್ಲ?

ಆಗ ಡ್ರಾಯರ್‌ಗೆ ಹಾಸಿದ್ದ ಪೇಪರಿನಡಿ ಸಿಕ್ಕಿತು, ತೂತಿಲ್ಲದ ಜವಾಬಿ ಕಾರ್ಡ್! ಒಟ್ಟಿಗೆ ಮಡಚಿದ ಎರಡು ಕಾರ್ಡ್. ಒಂದರಲ್ಲಿ ಪ್ರಶ್ನೆ. ಇನ್ನೊಂದು ಉತ್ತರಕ್ಕೆ ಖಾಲಿ, ಅಂಚೆ ಖರ್ಚು ಕೇಳಿದವರದೇ. 1879ರಲ್ಲಿ ನಮ್ಮ ದೇಶಕ್ಕೆ ಬಂದ ಕಾಲಾಣೆ ಪೋಸ್ಟ್‌ಕಾರ್ಡಿನ ತಂಗಿ ಇದು. ಉತ್ತರದ ಭಾಗವನ್ನು ಹರಿದು ಕಳಿಸುತ್ತಿದ್ದರಿಂದ ಜೋಡಿಯಾಗಿ ಉಳಿದದ್ದು ಬಹಳ ಅಪರೂಪ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

"ಇದನ್ನ ಮಾತ್ರ ಯಾಕೆ ತಂತಿಗೆ ಹಾಕಿಲ್ಲ?"

"ಉತ್ತರ ಬರೆದ್ಮೇಲೆ ತಾನೇ ತಂತಿಗೆ ಹಾಕೋದು?" ಎನ್ನುತ್ತಾ ಗಿರಿಜಮ್ಮ ಕಾರ್ಡ್ ಓದಿದರು.

ಬರೆದವರು ಅವರ ಕಾಲೇಜು ಗೆಳತಿ ಶಾರದಾ, ಶಿವಮೊಗ್ಗದ ರವೀಂದ್ರನಗರದಿಂದ. ಒಂದೇ ಸಾಲು: "ನನ್ನ ಮದುವೆಗೆ ಯಾಕೆ ಬರಲಿಲ್ಲ?"

"ಕೋಪ ಇತ್ತು. ಯಾಕೆ ಅಂತ ಈಗ ನೆನಪೇ ಇಲ್ಲ ಮಾರಾಯ್ತಿ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಸಿಕ್ಕಿದ್ಲು. ಇಬ್ರೂ ಮುಖ ತಿರುಗಿಸ್ಕೊಂಡ್ವಿ."

ಪೆನ್ನು ತೆಗೆದು ಖಾಲಿ ಭಾಗದಲ್ಲಿ ಬರೆದರು: "ತಪ್ಪಾಯ್ತು. ಬಾ." ಮಡಿಕೆಗೆ ಉಗುರು ಹಾಕಿದರು.

ನಾನು ಕಿರುಚಿದ್ದು ಆಗ.

"ಫೋನ್ ಮಾಡಬಹುದಲ್ವಾ?" ಎಂದೆ. ನನ್ನ ಸ್ವಾರ್ಥ ನನಗೇ ಕೇಳಿಸಿತು.

"ಫೋನಲ್ಲಿ ಅವಳು ನಂಗೆ ಮಾತಾಡೋಕೆ ಬಿಡ್ತಾಳಾ? ಕೇಳಿದ್ದು ಇದರಲ್ಲಿ, ಉತ್ತರಾನೂ ಇದರಲ್ಲೇ ಹೋಗ್ಬೇಕು. ಆದ್ರೆ ನಿಂಗೆ ಕೊಟ್ಟಾಗಿದೆ. ಬೇಡ ಅಂದ್ರೆ ಬೇಡ."

ಎಷ್ಟು ವರ್ಷ ಹುಡುಕಿದರೂ ಮತ್ತೆ ಸಿಗದ ಕಾರ್ಡ್. ಆದರೆ ಅದು ಜೋಡಿಯಾಗಿ ಉಳಿದದ್ದೇ ಇವರಿಬ್ಬರು ಬೇರೆಯಾದದ್ದಕ್ಕೆ.

ಸ್ಕೇಲ್ ಇಟ್ಟು ನಾನೇ ಹರಿದೆ. ವಿಳಾಸವನ್ನು ಶಾರದಾ ಆಗಲೇ ಬರೆದಿದ್ದರು, ಮನೆಯೂ ಬದಲಾಗಿರಲಿಲ್ಲ. ಹಳೆಯ ದರ ಸಾಲದೆಂದು ಸ್ಟಾಂಪ್ ಅಂಟಿಸಿ ಅಂಚೆ ಡಬ್ಬಿಗೆ ಹಾಕಿದೆ.

ಗುರುವಾರ ಗಿರಿಜಮ್ಮನ ಫೋನ್. "ನೋಡಮ್ಮ, ಕಾರ್ಡ್..." ಎನ್ನುವಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ: "ಲೇ ಗಿರಿಜಾ, ಆಮೇಲೆ ಮಾತಾಡೇ! ಕಾಫಿ ಆರ್ತಿದೆ!"

ನನ್ನ ಆಲ್ಬಮ್‌ನಲ್ಲಿ ಈಗ ಅರ್ಧ ಜವಾಬಿ ಕಾರ್ಡ್ ಇದೆ. ಇಷ್ಟು ಖುಷಿಯಿಂದ ನೀವು ಯಾವತ್ತಾದರೂ ಏನನ್ನಾದರೂ ಹಾಳು ಮಾಡಿದ್ದೀರಾ?