ಮೂವತ್ತಮೂರು ಗುಂಡಿಯ ನಿಲುವಂಗಿ

ನನ್ನ ಗಂಡ ದರ್ಜಿ. ಟೇಪು ಕೊರಳಲ್ಲಿ ನೇತಾಡುತ್ತಿದ್ದದ್ದು ಶೋಕಿಗೆ, ಅಳತೆಯೆಲ್ಲ ಕಣ್ಣಲ್ಲೇ. ಹಾಗಾಗಿ ಎಲ್ಲರೂ ಅವರನ್ನು ಕಣ್ಣಳತೆ ಮೇಸ್ತ್ರಿ ಎನ್ನುತ್ತಿದ್ದರು. ಅವರು ಮಿಷನ್ನು ತುಳಿಯುವುದು, ನಾನು ಗುಂಡಿ ತೂರಿಸುವ ಕಾಜ ಮಾಡಿ ಗುಂಡಿ ಹೊಲಿಯುವುದು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಕಾಜ ಬರಬೇಕಾದ ಕಡೆ ಅವರು ಸೀಮೆಸುಣ್ಣದಲ್ಲಿ ಸಣ್ಣ ಶಿಲುಬೆ ಗುರುತು ಹಾಕಿ ಕೊಡುತ್ತಿದ್ದರು. ಗುರುತು ನೋಡಿ ಕತ್ತರಿಸುವವಳು ನಾನು. ನನ್ನ ಓದು ಮೂರನೇ ಕ್ಲಾಸು.

ಅವರಿಗೆ ಭಕ್ತಿ ಇತ್ತು, ಬಾಯಿಯೂ ಇತ್ತು. "ಯೇಸುಸ್ವಾಮಿ ಅಂಗಿಗೆ ಹೊಲಿಗೆನೇ ಇರ್ಲಿಲ್ವಂತೆ ಕಣೇ. ಎಲ್ರೂ ಹಂಗೇ ಹಾಕ್ಕೊಂಡಿದ್ರೆ ನಾವು ಗಾಳಿ ತಿನ್ಬೇಕಿತ್ತು" ಎನ್ನುತ್ತಿದ್ದರು.

ನಮ್ಮ ಚರ್ಚಿನ ಫಾದರ್‌ಗೆ ಹೊಸ ನಿಲುವಂಗಿ ಹೊಲಿಯುತ್ತಿದ್ದಾಗ ಹೋದರು. ಬಲತೋಳಿನ ಹೊಲಿಗೆ ನಾಲ್ಕು ಬೆರಳು ಬಾಕಿ ಇತ್ತು. "ಎದೆ ಯಾಕೋ ಹಿಡ್ಕೊಂಡಂಗಿದೆ" ಎಂದು ಎದ್ದರು. ಗೋಡೆಗೆ ಒರಗಿದರು. ಅಷ್ಟೇ.

ಮಣ್ಣು ಮಾಡಿ ಬಂದ ಮೇಲೆ ನಾನು ಮಿಷನ್ನು ಮುಟ್ಟಲಿಲ್ಲ. ಬಟ್ಟೆಯೊಳಗೆ ಇಳಿದಿದ್ದ ಸೂಜಿ ಹಾಗೇ ಇತ್ತು. ಎತ್ತಿದರೆ ಅವರ ಕೆಲಸ ಮುಗಿದುಹೋಗುತ್ತದೆ. ಆಮೇಲೆ ಈ ಮನೆಯಲ್ಲಿ ಅವರದ್ದು ಅಂತ ಏನೂ ನಡೆಯುತ್ತಿರುವುದಿಲ್ಲ. ಚರ್ಚಿಗೂ ಹೋಗಲಿಲ್ಲ. ಪ್ರಾರ್ಥನೆಗೆ ಕೂತರೆ ಬೈಗುಳ ಬರುತ್ತಿತ್ತು. ದೇವರಿಗೆ ಬೈಯಬಾರದೆಂದು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಒಂದು ದಿನ ಫಾದರ್ ಬಂದರು. ಹಳೇ ನಿಲುವಂಗಿಯ ಮೊಣಕೈಗೆ ತೇಪೆ ಬಿದ್ದಿತ್ತು.

"ನಿಮ್ಮ ಬಟ್ಟೆ ಆಗಿಲ್ಲ ಫಾದರ್" ಎಂದೆ, ಅವರು ಕೂರುವ ಮೊದಲೇ.

"ಅದಕ್ಕೆ ಬಂದಿಲ್ಲಮ್ಮ." ಸ್ಟೂಲಿನ ಮೇಲೆ ಕೂತರು. ಮೇಜಿನ ಮೇಲಿದ್ದ ಕತ್ತರಿಯನ್ನು ಅತ್ತಿತ್ತ ತಿರುಗಿಸಿದರು. "ನಿಮ್ಮೆಜಮಾನ್ರಷ್ಟು ಗಮನ ಇಟ್ಟು ಚರ್ಚಲ್ಲಿ ನನ್ನ ಪ್ರಸಂಗ ಕೇಳ್ದೋರು ಇನ್ನೊಬ್ರಿಲ್ಲ. ಕಣ್ಣು ಕಿರಿದು ಮಾಡ್ಕೊಂಡು, ನನ್ನೇ ನೋಡ್ತಾ..."

"ಅವರು ನಿಮ್ಮ ಭುಜದ ಅಳತೆ ತಗೊಳ್ತಿದ್ರು ಫಾದರ್."

ಫಾದರ್ ತಮ್ಮ ಭುಜ ನೋಡಿಕೊಂಡರು. ಆಮೇಲೆ ಸ್ಟೂಲು ಅಲ್ಲಾಡುವ ಹಾಗೆ ನಕ್ಕರು. ನನಗೆ ಅಳು ಬಂತು.

"ಪ್ರಾರ್ಥನೆ ಬರ್ತಿಲ್ಲ. ಬರೀ ಬೈಗುಳ ಬರುತ್ತೆ."

"ಬೈರಿ. ಅವನಿಗೇ ಬೈರಿ. ಗೆಳೆಯನ ಸಮಾಧಿ ಮುಂದೆ ಯೇಸುನೂ ಅತ್ತ. ಅವನನ್ನ ಜೀವಂತ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತ. ನಿಮ್ಮ ಬೈಗುಳ ತಡ್ಕೊಳ್ಳೋಕೆ ಆಗಲ್ವಾ ಅವನಿಗೆ?"

ಮರುದಿನ ಮಿಷನ್ನಿಗೆ ಕೂತೆ. ಬಾಕಿ ಇದ್ದ ನಾಲ್ಕು ಬೆರಳು ಹೊಲಿಗೆ ತುಳಿದೆ, ಸೂಜಿ ಎತ್ತಿದೆ. ಕಾಜ ಮೂವತ್ತಮೂರು, ಯೇಸು ಬದುಕಿದ ವರ್ಷಕ್ಕೊಂದರಂತೆ. ಕಾಜಕ್ಕೊಂದು ಬೈಗುಳ. ಹತ್ತರವರೆಗೆ ಒಳ್ಳೊಳ್ಳೆಯವೇ ಇದ್ದವು. ಇಪ್ಪತ್ತಕ್ಕೆ ದಾಸ್ತಾನು ಖಾಲಿ. ಆಮೇಲೆ ಸುಮ್ಮನೆ ಮಾತಾಡಿದೆ. ಕೊನೆಯ ಕಾಜಕ್ಕೆ, "ಅವರನ್ನ ಚೆನ್ನಾಗಿ ನೋಡ್ಕೋ. ಟೀಗೆ ಸಕ್ಕರೆ ಜಾಸ್ತಿ ಕೇಳ್ತಾರೆ, ಕೊಡ್ಬೇಡ" ಎಂದೆ. ದಾರ ಕಡಿಯುವಾಗ ಗೊತ್ತಾಯಿತು, ಅದೇ ಪ್ರಾರ್ಥನೆ.

ಭಾನುವಾರ ನಾದಿನಿಯ ಜೊತೆ ಚರ್ಚಿಗೆ ಹೋದೆ. ಫಾದರ್ ಹೊಸ ನಿಲುವಂಗಿ ತೊಟ್ಟು ಬಾಗಿಲಲ್ಲೇ ನಿಂತಿದ್ದರು. ಭುಜ ಅಚ್ಚು ಹೊಯ್ದ ಹಾಗೆ ಕೂತಿತ್ತು. ನಾದಿನಿ ಮೊಣಕೈಯಲ್ಲಿ ತಿವಿದಳು.

"ಅತ್ತಿಗೆ, ಫಾದರ್‌ಗೆ ಹೆಂಗಸ್ರ ಅಂಗಿ ಹೊಲ್ದಿದೀರಲ್ಲ."

ನೋಡಿದೆ. ಕಾಜ ಬಲಗಡೆ, ಗುಂಡಿ ಎಡಗಡೆ. ಗಂಡಸರ ಅಂಗಿಗೆ ಇದರ ಉಲ್ಟಾ ಇರಬೇಕು. ಶಿಲುಬೆ ಗುರುತು ಹಾಕಿಕೊಡುವವರು ಇರಲಿಲ್ಲ. ಕೈ ಹೋದ ಕಡೆ ಕತ್ತರಿಸಿದ್ದೆ. ಒಂದೋ ಎರಡೋ ಅಲ್ಲ, ಮೂವತ್ತಮೂರೂ. ಬಾಯಿಗೆ ಕೈ ಅಡ್ಡ ಹಿಡಿದರೂ ನಗು ನಿಲ್ಲಲಿಲ್ಲ. ಎರಡು ತಿಂಗಳ ನಗು.

"ಕೊಡಿ ಫಾದರ್, ಬಿಚ್ಚಿ ಸರಿ ಮಾಡ್ತೀನಿ."

"ಬೇಡಮ್ಮ. ಬೆಳಿಗ್ಗೆ ಗುಂಡಿ ಹಾಕುವಾಗ ಒಂದೊಂದಕ್ಕೂ ಕೈ ತಡವರಿಸ್ತು. ತಡವರಿಸಿದಾಗೆಲ್ಲ ಮೇಸ್ತ್ರಿ ನೆನಪಾದ್ರು, ಅವರಿಗೊಂದು ಪ್ರಾರ್ಥನೆ ಹೇಳ್ದೆ. ದಿನಕ್ಕೆ ಮೂವತ್ತಮೂರು. ಬಿಚ್ಚಿದ್ರೆ ಅವರಿಗೇ ನಷ್ಟ."

ಅವರ ಕೆಲಸ ಮುಗಿದುಹೋಗುತ್ತದೆಂದು ಹೆದರಿದ್ದೆ. ಮುಗಿದಿಲ್ಲ. ದಿನಾ ಬೆಳಿಗ್ಗೆ ಫಾದರ್ ಕೈಯಲ್ಲಿ ನಡೆಯುತ್ತಿದೆ.

ಬೆಂಚಿನಲ್ಲಿ ಈಗ ಅವರ ಜಾಗದಲ್ಲೇ ಕೂರುತ್ತೇನೆ. ಪ್ರಸಂಗದ ಹೊತ್ತಿಗೆ ನಾನೂ ಕಣ್ಣು ಕಿರಿದು ಮಾಡುತ್ತೇನೆ. ಫಾದರ್ ಸೊಂಟದ ಹತ್ತಿರ ಸ್ವಲ್ಪ ದಪ್ಪ ಆಗಿದ್ದಾರೆ.