ಗ್ಯಾಲಕ್ಸಿಯ ನಡುವಿನ ಕಪ್ಪು ಗೆರೆ

ಇವತ್ತು ಮೊಬೈಲಿನಲ್ಲಿ, ಪಕ್ಕದಿಂದ ಕಾಣುವ ಗ್ಯಾಲಕ್ಸಿಯೊಂದರ ಚಿತ್ರ ನೋಡಿದೆ. ಹೊಳಪಿನ ನಡುವೆ ಉದ್ದಕ್ಕೂ ಕಪ್ಪು ಗೆರೆ.

ಹಿಂದೊಮ್ಮೆ ಚಿತ್ತವಾಡ್ಗಿಯ ನಮ್ಮ ಮನೆಗೆ ಶಾಲೆಯಿಂದ ನಾನು ತಂದಿದ್ದ ಇಂಥದೇ ಪಟವನ್ನು ಅವ್ವ ಸಂಶಯದಿಂದ ಸೆರಗಿನಲ್ಲಿ ಒರೆಸಿದ್ದಳು.

"ಯಾರ ಗೀಚ್ಯಾರ ಇದನ್ನ?"

"ಯಾರೂ ಗೀಚಿಲ್ಲಬೇ, ಅದು ಧೂಳು. ಹಿಂದಿನ ಬೆಳಕು ಮುಚ್ಚತೈತಂತ" ಎಂದೆ.

ಅವ್ವ ಅಪ್ಪನತ್ತ ತಿರುಗಿದಳು. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ ಅಪ್ಪ ಬಹಳ ದಿನಗಳಿಂದ ಕೆಮ್ಮುತ್ತಿದ್ದ. ನೆಗಡಿ ಎಂಬ ಅವನ ಮಾತನ್ನು ಅವಳು ನಂಬಿರಲಿಲ್ಲ.

"ನಿಮ್ಮ ಎದ್ಯಾಗೂ ಧೂಳ ಕುಂತಿರಬೇಕು. ನಡೀರಿ ದವಾಖಾನಿಗೆ."

"ಏನೂ ಆಗಿಲ್ಲ, ಬಿಡು."

"ಎಕ್ಸ್‌ರೇ ತಗಸ್ರಿ, ಆಮ್ಯಾಲ ನಂಬತೀನಿ."

ಎಕ್ಸ್‌ರೇ ನೋಡಿದ ಡಾಕ್ಟರು ಲಾರಿ ಕೆಲಸ ಬಿಡಿಸಿದರು. ಅಪ್ಪ ಮೆಟ್ರಿ ಹಳ್ಳಿಯಲ್ಲಿ ಅಜ್ಜನ ಗದ್ದೆಗೆ ನೀರು ಕಟ್ಟತೊಡಗಿದ.

ಈಗ ಅಪ್ಪನಿಗೆ ವಯಸ್ಸಾಗಿದೆ. ಒಮ್ಮೆ ಕೆಮ್ಮಿದರೂ ಸಾಕು, ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಾಳೆ.